ಮೇಷ್ಟ್ರಮ್ಮ ಮೇಯಿಸಿದ ಹುಳು

ಮೇಷ್ಟ್ರಮ್ಮ ತೀರಿಹೋದ ಸುದ್ದಿ ಹೇಳಿದ್ದು ಲಕ್ಕೂರಿನಿಂದ ಬಂದ ನೆಂಟರೊಬ್ಬರು. ಬೇರೆ ಏನೋ ಮಾತಾಡುತ್ತಾ ನಡುವೆ, "ನಿಮ್ಮೂರಲ್ಲಿ ಇದ್ರಲ್ಲ ಕಿರಸ್ತಾನರ ಮೇಷ್ಟ್ರು, ಅವರ ಮನೆಯೋರು ಹೋಗ್ಬಿಟ್ರಂತೆ" ಅಂದರು. ನಾನು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆ. ಆರಿಸುತ್ತಲೇ ಇದ್ದೆ. ಅವರಿಗೆ ಕಾಫಿ ಕೊಟ್ಟೆ, ಬಸ್ಸಿನ ಹೊತ್ತಾಯಿತೆಂದು ಬೀದಿಯ ತನಕ ಹೋಗಿ ಕಳಿಸಿಯೂ ಬಂದೆ. ಅಳು ಬರಲಿಲ್ಲ. ಬರಬೇಕಾದಾಗ ನನಗೆ ಅದು ಬರುವುದಿಲ್ಲ, ನಿಮಗೇ ಗೊತ್ತು. ನಾಲ್ಕು ಜನರ ಮುಂದೆ ಮಾತೂ ಬರುವುದಿಲ್ಲ. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರವಿದೆ, ಅದರಿಂದ ಬರೆದಿಡುತ್ತೇನೆ. ಮೊಮ್ಮಕ್ಕಳೇ, ನೀವು ಬಿಡುವಾದಾಗ ಓದಿಕೊಳ್ಳಿ.

ಹೆಸರು ಬರೆಯುವುದಿಲ್ಲ. ಊರಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಗಂಡ ಶಾಲೆಯ ಮೇಷ್ಟ್ರು, ಹಾಗಾಗಿ ಅವರು ಮೇಷ್ಟ್ರಮ್ಮ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದಾಗ ಅವರಿಬ್ಬರೂ ಕೋಲಾರದಿಂದ ನಮ್ಮೂರಿಗೆ ಬಂದರು. ಗೌನಿಪಲ್ಲಿಯಲ್ಲಿ ಬಸ್ಸಿಳಿದು, ಮಾವಿನ ತೋಪುಗಳ ನಡುವೆ ನಡೆದು ಬರಬೇಕು. ಬಂದ ದಿನವೇ ದಾರಿಯಲ್ಲಿ ಎಮ್ಮೆಯೊಂದು ಎದುರಾಗಿ ಮೇಷ್ಟ್ರಮ್ಮ ಗಂಡನ ಹಿಂದೆ ಅವಿತುಕೊಂಡರಂತೆ. ಎಮ್ಮೆ ಮೇಯಿಸುತ್ತಿದ್ದವನು ಅದನ್ನು ಊರಿಗೆಲ್ಲ ಹೇಳಿ ನಗಿಸಿದ್ದ.

ಅವರಷ್ಟು ಪುಕ್ಕಲು ಹೆಂಗಸನ್ನು ನಾನು ನೋಡಿಲ್ಲ. ಎಮ್ಮೆ, ಕಪ್ಪೆ, ಗುಡುಗು, ಗುಂಪು ಕಟ್ಟಿ ನಿಂತ ಗಂಡಸರು, ಎಲ್ಲಕ್ಕೂ ಹೆದರುತ್ತಿದ್ದರು. ಎಲ್ಲಕ್ಕಿಂತ ಹೆಚ್ಚು ಹುಳುವಿಗೆ. ನಮ್ಮ ಕಡೆ ಅವರೆಕಾಯಿ ಸುಲಿದರೆ ಹುಳು ಸಿಗದೆ ಇರುತ್ತದೆಯೇ? ಅವರಿಗೆ ಒಂದು ಸಿಕ್ಕಿದರೆ ಸಾಕು, ಮೊರವನ್ನೇ ಎಸೆದು ಬೀದಿಗೆ ಬಂದು ನಿಲ್ಲುತ್ತಿದ್ದರು. ಅಂಥವರು ಮನೆಮನೆಯಲ್ಲಿ ರೇಷ್ಮೆ ಹುಳು ಸಾಕುವ ಊರಿಗೆ ಬಂದಿದ್ದರು.

ಆದರೆ ಬೆಳಗಾದರೆ ಬಾಗಿಲು ತೆರೆದಿಟ್ಟು ದೇವರ ಹಾಡು ಹೇಳುತ್ತಿದ್ದರು. ಸಣ್ಣ ದನಿ, ಮೇಲೆ ಹೋದಾಗ ಒಡೆಯುತ್ತಿತ್ತು. ಶಾಲೆಗೆ ಹೋಗುವ ಮಕ್ಕಳು ನಿಂತು ಅಣಕಿಸಿದರೂ ಬಾಗಿಲು ಹಾಕಿಕೊಳ್ಳುತ್ತಿರಲಿಲ್ಲ. ಒಮ್ಮೆ ನಾನೇ, "ಒಳಗೆ ಮೆತ್ತಗೆ ಹೇಳ್ಕೊಂಡ್ರೆ ಆಗಲ್ವಾ?" ಅಂತ ಕೇಳಿದೆ. ಅದಕ್ಕೆ ಅವರು, "ಕೋಲಾರದಲ್ಲಿ ಕ್ರೈಸ್ತಳಾಗಿರೋದು ಸುಲಭ ಇತ್ತಮ್ಮ. ಗಂಟೆ ಹೊಡೀತಾರೆ, ಎಲ್ಲರ ಜೊತೆ ಹೋಗೋದು, ಹಾಡೋದು, ಬರೋದು. ಇಲ್ಲಿ ಗಂಟೆ ಹೊಡೆಯೋರು ಇಲ್ಲ. ನಾನೂ ಸುಮ್ಮನಾದ್ರೆ ನನಗೇ ಮರ್ತು ಹೋಗುತ್ತೆ" ಅಂದರು.

ನಾವು ಅವರನ್ನು ಮನೆಯೊಳಗೆ ಸೇರಿಸುತ್ತಿರಲಿಲ್ಲ. ಇದನ್ನು ಮುಚ್ಚಿಟ್ಟು ಬರೆದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ಬಂದ ವಾರದಲ್ಲೇ ಊರಿನವರು, "ಮೂಲದಲ್ಲಿ ಯಾವ ಜನ?" ಅಂತ ಕೇಳಿದ್ದರು. ಅವರು ಮರೆಮಾಚದೆ ಅಜ್ಜನ ಕಾಲದಲ್ಲಿ ಯಾವ ಕೇರಿಯವರಾಗಿದ್ದರೆಂದು ಹೇಳಿಬಿಟ್ಟರು. ಅಂದಿನಿಂದ ಬಾವಿಯನ್ನು ಮುಟ್ಟುವಂತಿಲ್ಲ. ನಮ್ಮಲ್ಲಿ ಯಾರಾದರೂ ನೀರು ಸೇದಿ ಅವರ ಬಿಂದಿಗೆಗೆ ಮೇಲಿನಿಂದ ಹೊಯ್ಯಬೇಕು. ಅವರು ಕಾಯುತ್ತಾ ನಿಂತಿರುತ್ತಿದ್ದರು. ನಾನೂ ಹೊಯ್ದಿದ್ದೇನೆ.

ನಿಮ್ಮ ತಾತ ಕಾಮಾಲೆಯಲ್ಲಿ ಹೋದರು. ಕಣ್ಣು ಹಳದಿಯಾಯಿತು, ನಾಟಿ ಔಷಧಿ ಕುಡಿಸಿದರು, ವಾರ ತುಂಬುವುದರೊಳಗೆ ಮುಗಿಯಿತು. ನಿಮ್ಮಪ್ಪ ಆಗತಾನೇ ನಡೆಯಲು ಕಲಿತಿದ್ದ. ಅವನ ತಂಗಿ ಹೊಟ್ಟೆಯಲ್ಲಿದ್ದಳು.

ಅವರು ಹೋದ ದಿನ ನಡುಮನೆಯ ಬಿದಿರು ತಟ್ಟೆಗಳಲ್ಲಿ ಹುಳು ಮೂರನೆಯ ಜ್ವರಕ್ಕೆ ಕೂತಿತ್ತು. ಜ್ವರವೆಂದರೆ ಕಾಯಿಲೆಯಲ್ಲ. ರೇಷ್ಮೆ ಹುಳು ಚರ್ಮ ಬಿಡುವ ಮುಂಚೆ ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ನಿಂತುಬಿಡುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಅಂಗಳದಲ್ಲಿ ಹೆಂಗಸರು ಎದೆ ಬಡಿದುಕೊಂಡು ಅಳುತ್ತಿದ್ದಾಗ ಒಳಗೆ ಅದು ಹಾಗೇ ನಿಂತಿತ್ತು. ನಾನೂ ಗೋಡೆಗೆ ಒರಗಿ ಹಾಗೇ ಕೂತಿದ್ದೆ. ಬಂದವರೆಲ್ಲ ನನ್ನನ್ನು ತಬ್ಬಿಕೊಂಡು, ಅಲುಗಾಡಿಸಿ, "ಅಳೇ, ಅತ್ತುಬಿಡೇ" ಅನ್ನುತ್ತಿದ್ದರು. ಒಬ್ಬಾಕೆ, "ಕಣ್ಣಲ್ಲಿ ಒಂದ್ ತೊಟ್ಟು ನೀರಿಲ್ಲ, ಎಂಥ ಕಲ್ಲಮ್ಮಾ ಇವಳು" ಅಂದದ್ದೂ ಕೇಳಿಸಿತು. ಕೇಳಿಸಿತು ಅಷ್ಟೆ, ಏನೂ ಅನ್ನಿಸಲಿಲ್ಲ. ಬಾಯಿಗೆ ಇಟ್ಟದ್ದು ರುಚಿ ತಿಳಿಯುತ್ತಿರಲಿಲ್ಲ. ಮಾತು ಪೂರ್ತಿ ನಿಂತುಹೋಗಿತ್ತು.

ಮೇಷ್ಟ್ರಮ್ಮ ಅಂಗಳದ ಮೂಲೆಯಲ್ಲಿ, ನಮ್ಮವರಿಂದ ದೂರವಾಗಿ ಕೂತಿದ್ದರು. ನನ್ನನ್ನು ಅಳು ಎನ್ನಲಿಲ್ಲ. ಸುಮ್ಮನೆ ಕೂತು, ಹೊತ್ತಾದ ಮೇಲೆ ಎದ್ದು ಹೋದರು.

ಮಾರನೆಯ ದಿನ ಹುಳು ಜ್ವರದಿಂದ ಎದ್ದಿತು. ಎದ್ದ ಹುಳುವಿಗೆ ತಡೆಯಲಾರದ ಹಸಿವು. ತಲೆಯೆತ್ತಿ ಗಾಳಿಯಲ್ಲಿ ಆ ಕಡೆ ಈ ಕಡೆ ಆಡಿಸುತ್ತಾ ಹಿಪ್ಪುನೇರಳೆ ಸೊಪ್ಪು ಹುಡುಕುತ್ತದೆ. ಆದರೆ ಮೇವು ಹಾಕುವವರು ಯಾರು? ನಮಗೆಲ್ಲ ಸೂತಕ. ಹನ್ನೊಂದನೆಯ ದಿನದ ತನಕ ಮನೆಯವರಾಗಲಿ ದಾಯಾದಿಗಳಾಗಲಿ ಹುಳು ಮುಟ್ಟುವಂತಿಲ್ಲ. ನೆರೆಯವರ ಮನೆಯಲ್ಲೂ ಹುಳು ಇತ್ತು. ಸಾವಿನ ಮನೆಯ ತಟ್ಟೆ ಮುಟ್ಟಿದ ಕೈಯಲ್ಲಿ ತಮ್ಮ ಹುಳುವಿಗೆ ಸೊಪ್ಪು ಹಾಕಿದರೆ ಅದೂ ಸಾಯುತ್ತದೆಂದು ಅವರ ಹೆದರಿಕೆ. ಸೊಪ್ಪು ಕೊಯ್ಯುವ ಆಳು ಎಂದಿನಂತೆ ಹೊರೆ ತಂದು ಅಂಗಳದಲ್ಲಿ ಹಾಕಿ ಹೋದ. ಹೊರೆ ಅಲ್ಲೇ ಬಿದ್ದಿತ್ತು.

ನಿಮ್ಮ ತಾತನ ಅಣ್ಣ, ನನಗೆ ಭಾವನಾಗಬೇಕು, ಬಾಗಿಲಲ್ಲೇ ನಿಂತು ನೋಡಿ, "ಎತ್ತಿ ತಿಪ್ಪೆಗೆ ಸುರೀರಿ. ಹನ್ನೊಂದು ಕಳೀಲಿ, ಇವಳು ಮಗೂನ ಕಟ್ಕೊಂಡು ತವರಿಗೆ ಹೋಗ್ಲಿ. ಗಂಡಸಿಲ್ದ ಮನೇಲಿ ಹುಳ ಸಾಕೋದುಂಟಾ?" ಅಂದರು. ನನ್ನ ತವರು ಮುಳಬಾಗಿಲಿನ ಆಚೆ. ತಾಯಿ ಇರಲಿಲ್ಲ, ಅಣ್ಣನ ಮನೆ ತುಂಬ ಮಕ್ಕಳು. ಅಲ್ಲಿ ಮೂರು ದಿನ ನೆಂಟಳು, ನಾಲ್ಕನೆಯ ದಿನ ಕೈಗೆ ಪೊರಕೆ. ಹುಳು ತಿಪ್ಪೆಗೆ ಹೋದರೆ ನಾನೂ ನಿಮ್ಮಪ್ಪನೂ ಮನೆಯಿಂದ ಹೋದಂತೆಯೇ ಎಂದು ನನಗೆ ತಿಳಿದಿತ್ತು. ತಿಳಿದರೂ ಕೈಕಾಲು ಏಳಲಿಲ್ಲ.

ಮಧ್ಯಾಹ್ನ ಮೇಷ್ಟ್ರಮ್ಮ ಬಂದರು. ನಮ್ಮತ್ತೆ, ನಿಮ್ಮ ತಾತನ ತಾಯಿ, ಬಾಗಿಲ ಒಳಗೆ ಕೂತಿದ್ದರು. ಹೊಸ್ತಿಲಾಚೆ ನಿಂತ ಮೇಷ್ಟ್ರಮ್ಮನ ಮುಖ ಬಿಳಿಚಿಕೊಂಡಿತ್ತು.

"ದೊಡ್ಡಮ್ಮಾ, ನನಗೆ ಸೂತಕ ಇಲ್ಲ. ನಮ್ಮನೇಲಿ ಹುಳುವೂ ಇಲ್ಲ. ನಾನು ಮೇವು ಹಾಕ್ಲಾ?"

ಅತ್ತೆ ಅವರನ್ನು ಮೇಲಿನಿಂದ ಕೆಳಗೆ ನೋಡಿದರು.

"ನೀನಾ? ಅವರೆಕಾಯಿ ಹುಳಕ್ಕೆ ಬೀದಿಗೆ ಓಡೋಳು ನೀನು."

"ಹೌದು. ಈಗಲೂ ಕಾಲು ನಡುಗ್ತಿದೆ."

"ಮತ್ತೆ ಯಾಕಮ್ಮ ಬಂದೆ?"

"ಬೆಳಿಗ್ಗೆಯಿಂದ ಪ್ರಾರ್ಥನೆ ಮಾಡ್ದೆ ದೊಡ್ಡಮ್ಮ. ಬೇರೆ ಯಾರನ್ನಾದ್ರೂ ಕಳಿಸು ಕರ್ತನೇ ಅಂತ ಕೇಳ್ದೆ. ಮಧ್ಯಾಹ್ನ ಆದ್ರೂ ಯಾರೂ ಬರಲಿಲ್ಲ. ಹಾಗಾದ್ರೆ ನಾನೇ ಇರಬೇಕು ಅಂತ ಬಂದೆ."

ಅತ್ತೆ ಒಳಗಿನ ತಟ್ಟೆಗಳ ಕಡೆ ಒಮ್ಮೆ ನೋಡಿದರು. ಆಮೇಲೆ, "ಬಾ ಅಂದ್ರೆ ಜಾತಿ ಹೋಗ್ತದೆ, ಬೇಡ ಅಂದ್ರೆ ಹುಳ ಹೋಗ್ತದೆ. ನಾನು ಎರಡೂ ಹೇಳಲ್ಲ ತಾಯಿ. ನಾನು ಕಂಡಿಲ್ಲ, ಅಷ್ಟೇ" ಎಂದು ಗೋಡೆಯ ಕಡೆಗೆ ತಿರುಗಿ ಕೂತುಬಿಟ್ಟರು.

ಮೇಷ್ಟ್ರಮ್ಮ ಹೊಸ್ತಿಲ ಹತ್ತಿರ ನಿಂತು ಕಣ್ಣು ಮುಚ್ಚಿದರು. "ಕರ್ತನೇ, ನನಗೆ ಭಯ ಆಗ್ತಿದೆ. ನೀನು ಮುಂದೆ ನಡಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಬಲಗಾಲನ್ನು ಒಳಗಿಟ್ಟರು. ಮೊದಲ ತಟ್ಟೆಯನ್ನು ಎಳೆದದ್ದೇ ತಡ, ಸಾವಿರ ತಲೆ ಮೇಲೆದ್ದು ಆಡಿದವು. ಅವರು ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಓಡಿದರು. ವಾಂತಿ ಮಾಡಿದ ಸದ್ದು ಕೇಳಿಸಿತು. ಬಾಯಿ ಮುಕ್ಕಳಿಸಿ ಮತ್ತೆ ಬಂದರು.

ಗೋಡೆ ನೋಡುತ್ತಿದ್ದ ಅತ್ತೆ, ಗೋಡೆಗೇ ಹೇಳುವವರ ಹಾಗೆ ಶುರು ಮಾಡಿದರು. "ಎದ್ದ ಹುಳಕ್ಕೆ ಎಳೇ ಸೊಪ್ಪು ಹಾಕ್ತಾರೆ. ಬಲಿತದ್ದು ಹಾಕಲ್ಲ. ಹೆಚ್ಚಿ ಹಾಕ್ತಾರೆ. ಮುದ್ದೆ ಮುದ್ದೆ ಸುರಿಯಲ್ಲ, ಎರಚ್ತಾರೆ." ಸ್ವಲ್ಪ ಹೊತ್ತಾದ ಮೇಲೆ, "ಒದ್ದೆ ಸೊಪ್ಪು ಹಾಕೋರು ಹುಳ ಸಾಕಬಾರದು, ಕತ್ತೆ ಸಾಕಬೇಕು" ಅಂದರು. ಮೇಷ್ಟ್ರಮ್ಮ ಸೊಪ್ಪನ್ನು ತಮ್ಮ ಸೆರಗಿನಲ್ಲಿ ಒರೆಸತೊಡಗಿದರು. ಮೇವು ಬಿದ್ದಲ್ಲೆಲ್ಲ ತಲೆಗಳು ಕೆಳಗಿಳಿದವು. ಸೊಪ್ಪು ತಿನ್ನುವ ಸದ್ದು ನಡುಮನೆಯನ್ನು ತುಂಬಿತು. ನಾನು ಮೂಲೆಯಲ್ಲಿ ಮಲಗಿಕೊಂಡೇ ಅದನ್ನು ಕೇಳಿದೆ.

ದಿನವೂ ಬೆಳಕು ಹರಿಯುತ್ತಲೇ ಬರುತ್ತಿದ್ದರು. ಗಂಡನಿಗೆ ಅಡಿಗೆ ಮಾಡಿಡಲು ನಡುವೆ ಹೋಗಿ ಬರುತ್ತಿದ್ದರು. ಕೊನೆಯ ಮೇವು ದೀಪ ಹಚ್ಚುವ ಹೊತ್ತಿಗೆ. ಹುಳು ಬೆಳೆದಂತೆ ಅದರ ಮೇಲಿನ ಅಸಹ್ಯ ಕಡಿಮೆಯಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಹಿಕ್ಕೆ ತೆಗೆಯುವಾಗ ಒಂದು ಹುಳು ಕೈಮೇಲೆ ಹತ್ತಿದರೂ ಸಣ್ಣಗೆ ಕಿರುಚುತ್ತಿದ್ದರು. ಕಿರುಚಿ, "ಕ್ಷಮಿಸಪ್ಪಾ" ಎಂದು ಹುಳುವಿಗೋ ದೇವರಿಗೋ ಹೇಳಿ ಅದನ್ನು ಎಲೆಯ ಸಮೇತ ತಟ್ಟೆಗೆ ಬಿಡುತ್ತಿದ್ದರು.

ಅತ್ತೆಗೆ ಗೋಡೆ ನೋಡಿ ನೋಡಿ ಬೇಸರವಾಯಿತೇನೋ, ಮಾತಿಗೆಳೆಯುತ್ತಿದ್ದರು.

"ನಿಮ್ಮ ಸ್ವಾಮಿ ಯಾವತ್ತಾದ್ರೂ ಹುಳ ಮೇಯಿಸಿದ್ರಾ?"

"ಇಲ್ಲ ದೊಡ್ಡಮ್ಮ. ಕುರುಬ ಅಂತ ಅವರೇ ಹೇಳ್ಕೊಂಡಿದ್ದಾರೆ. ಕುರಿ."

"ಕುರಿ ಬಿಡು, ಅದೇ ಹೋಗಿ ಮೇಯ್ತದೆ. ಹುಳ ಸಾಕಿದ್ರೆ ಗೊತ್ತಾಗ್ತಿತ್ತು."

"ತಪ್ಪಿಹೋದ ಕುರಿ ಒಂದನ್ನೇ ಹುಡುಕ್ಕೊಂಡು ಹೋದ ಕಥೆ ಹೇಳ್ಲಾ?"

"ಹೇಳು, ಹೆಂಗೂ ಕೂತಿದ್ದೀನಿ. ಕಥೆಗೆ ಜಾತಿ ಏನು."

ಮೇಷ್ಟ್ರಮ್ಮ ಸೊಪ್ಪು ಹಾಕುತ್ತಲೇ ಹೇಳಿದರು. ಅತ್ತೆ ಗೋಡೆಯ ಕಡೆಗೇ ಕೂತು ಕೇಳಿ, "ಒಂದಕ್ಕೋಸ್ಕರ ಮಿಕ್ಕವನ್ನ ಬಿಟ್ಟು ಹೋಗೋನು ವ್ಯವಹಾರಸ್ಥ ಅಲ್ಲ" ಅಂದರು. ಆಮೇಲೆ, "ಆದ್ರೂ ಹೋದ" ಅಂದರು.

ಹೊರಗೆ ಇದೆಲ್ಲ ಹಗುರಾಗಿರಲಿಲ್ಲ. ಬಾವಿಯ ಹತ್ತಿರ ಹೆಂಗಸರು ನೀರು ಹೊಯ್ಯುವುದನ್ನು ನಿಲ್ಲಿಸಿದರು. "ಸೂತಕದ ಮನೆಗೆ ಓಡಾಡೋಳಿಗೆ ನೀರು ಹೊಯ್ದು ನಮ್ಮ ಹುಳ ಕೆಡಿಸ್ಕೊಳ್ಳೋಣ್ವಾ?" ಎಂದರಂತೆ. ಮೇಷ್ಟ್ರಮ್ಮ ಖಾಲಿ ಬಿಂದಿಗೆ ಹಿಡಿದು ಕಾದು, ಕೊನೆಗೆ ತೋಪಿನ ಆಚೆಯ ಕುಂಟೆಗೆ ಹೋಗಿ ನೀರು ತಂದರು. ಆ ದಾರಿಯಲ್ಲಿ ಎಮ್ಮೆಗಳು ಇರುತ್ತಿದ್ದವು. ಮೇಷ್ಟ್ರು ಹೆಂಡತಿಯ ಮೇಲೆ ಸಿಟ್ಟಾಗಿದ್ದರು. ಒಂದು ಸಂಜೆ ನಮ್ಮ ಅಂಗಳಕ್ಕೇ ಬಂದು, "ಮಕ್ಕಳನ್ನ ಶಾಲೆಗೆ ಕಳಿಸಲ್ಲ ಅಂತಿದ್ದಾರೆ ಕಣೇ. ನಾವು ಇಲ್ಲಿ ಬಾಳ್ವೆ ಮಾಡಬೇಕಲ್ಲ" ಅಂದದ್ದು ನನಗೆ ಕೇಳಿಸಿತು. ಮೇಷ್ಟ್ರಮ್ಮ, "ಮಾಡೋಣ ರೀ. ಹುಳು ಹಣ್ಣಾಗಲಿ" ಅಂದರು. ಅಷ್ಟರಲ್ಲಿ ಅವರಿಗೆ ನಮ್ಮ ಮಾತು ಬಂದಿತ್ತು. ಹುಳು ಮೇವು ಬಿಟ್ಟು, ಮೈ ಹಳದಿಗೆ ತಿರುಗಿ, ಗೂಡು ಕಟ್ಟಲು ಸಿದ್ಧವಾದರೆ ನಾವು ಹಣ್ಣಾಯಿತು ಅನ್ನುತ್ತೇವೆ.

ಹನ್ನೊಂದನೆಯ ದಿನ ನೆಂಟರು ಸೇರಿದರು. ನನಗೆ ಮಾಡಬೇಕಾದದ್ದನ್ನೆಲ್ಲ ಮಾಡಿದರು. ಬಳೆ ಒಡೆದರು, ಹಣೆ ಒರೆಸಿದರು. ಯಾರದೋ ಕೈಗೆ ಮಾಡುತ್ತಿದ್ದಾರೆಂಬಂತೆ ನೋಡುತ್ತಿದ್ದೆ. ಊಟವಾದ ಮೇಲೆ ಭಾವ ಅಂಗಳದಲ್ಲಿ ಗಂಡಸರ ನಡುವೆ ಕೂತು ಮಾತು ತೆಗೆದರು. ತಿಪ್ಪೆಗೆ ಸುರಿಯಿರಿ ಎಂದಿದ್ದ ಹುಳು ಈಗ ಕಿರುಬೆರಳಿನಷ್ಟಾಗಿತ್ತು. ಅದನ್ನು ಅವರು ಬೆಳಿಗ್ಗೆಯೇ ಬಾಗಿಲಿನಿಂದ ಇಣುಕಿ ನೋಡಿದ್ದರು.

"ಸೂತಕ ಕಳೀತು. ಹುಳ ತಟ್ಟೆ ಸಮೇತ ನಮ್ಮನೆಗೆ ಸಾಗಿಸ್ತೀನಿ. ಅಮ್ಮ ನಮ್ಮ ಜೊತೆ ಇರ್ತಾಳೆ. ಈ ಮನೆಗೆ ಬೀಗ ಹಾಕೋದು. ಇವಳಣ್ಣ ಬಂದವನೆ, ನಾಳೆ ಕರ್ಕೊಂಡು ಹೋಗ್ಲಿ."

ನನ್ನಣ್ಣ ನೆಲ ನೋಡುತ್ತಿದ್ದ. ನಾನು ಬಾಗಿಲ ಮರೆಯಲ್ಲಿದ್ದೆ. ಮಾತಾಡಬೇಕಿತ್ತು, ಬಾಯಿ ಬರಲಿಲ್ಲ.

ಆಗ ಬೇಲಿಯ ಹತ್ತಿರ ನಿಂತಿದ್ದ ಮೇಷ್ಟ್ರಮ್ಮ ಅಂಗಳದ ನಡುವೆ ಬಂದರು. ಗುಂಪು ಕಟ್ಟಿದ ಗಂಡಸರ ಹತ್ತಿರ ಸುಳಿಯದ ಹೆಂಗಸು. ಎರಡು ಕೈಗಳನ್ನೂ ಸೆರಗಿನೊಳಗೆ ಬಿಗಿಯಾಗಿ ಹಿಡಿದುಕೊಂಡಿದ್ದರು. ತುಟಿ ಅಲುಗಾಡುತ್ತಿತ್ತು. ಏನು ಹೇಳಿಕೊಳ್ಳುತ್ತಿದ್ದರೆಂದು ನನಗೆ ಗೊತ್ತಿತ್ತು.

"ಅಣ್ಣಾ, ಒಂದು ಮಾತು. ನೀವು ತಿಳೀದೆ ತಗೊಂಡು ಹೋಗಬಾರದು. ಈ ಹುಳುವಿಗೆ ಮೇವು ಹಾಕಿದ್ದು ನಾನು. ಎಲ್ಲಾ ತಟ್ಟೆಗೂ ನನ್ನ ಕೈ ತಾಕಿದೆ. ನಮ್ಮಜ್ಜ ಯಾವ ಕೇರಿಯವರು ಅಂತ ನಾನು ಬಂದಾಗಲೇ ಹೇಳಿದ್ದೀನಿ."

ಅದು ಊರಿಗೆಲ್ಲ ಗೊತ್ತಿದ್ದ ವಿಷಯ. ಆದರೆ ಬಾಯಿಬಿಟ್ಟು ಹೇಳುವ ತನಕ ನಮ್ಮಲ್ಲಿ ಗೊತ್ತಿದ್ದದ್ದೂ ಗೊತ್ತಿಲ್ಲದ ಲೆಕ್ಕವೇ. ಅಷ್ಟು ದಿನ ಎಲ್ಲರೂ, "ಮುದುಕಿ ಹೆಂಗೋ ನೋಡ್ಕೋತಾಳೆ" ಎಂದುಕೊಂಡು ಓಡಾಡಿದ್ದರು. ಈಗ ನೆಂಟರ ಎದುರಿಗೆ ಮಾತು ಬಿದ್ದಿತ್ತು. ಆ ತಟ್ಟೆಗಳನ್ನು ಮನೆಯೊಳಗೆ ಸೇರಿಸಿಕೊಂಡರೆ ಭಾವನ ಜಾತಿಯೇ ಹೋಗುತ್ತಿತ್ತು.

"ಯಾರು ಒಳಗೆ ಬಿಟ್ಟಿದ್ದು ಇವಳನ್ನ?" ಎಂದು ಭಾವ ಕೂಗಿದರು.

ಅತ್ತೆ ಒಳಗಿನಿಂದ ಬಂದರು. "ನಾನು ಗೋಡೆ ನೋಡ್ತಾ ಇದ್ದೆ ಕಣೋ. ಕಣ್ಣಿಗೆ ಕಾಣ್ಲಿಲ್ಲ. ಕಿವಿಗೆ ಕೇಳಿಸ್ತು, ಹುಳ ಮೇಯೋದು. ನಿನಗೆ ಬೇಡ ತಾನೆ? ಹಂಗಾದ್ರೆ ಇಲ್ಲೇ ಇರ್ಲಿ. ಹುಳ ಇದ್ದ ಮೇಲೆ ನೋಡೋರು ಬೇಕು, ಇವಳೂ ಇಲ್ಲೇ ಇರ್ಲಿ. ನಾನೂ ಎಲ್ಲಿಗೂ ಬರಲ್ಲ."

"ಆ ಗೂಡನ್ನ ಯಾರು ಕೊಳ್ತಾರೆ?"

"ಮಾರ್ಕೆಟ್ಟಲ್ಲಿ ಗೂಡು ನೋಡ್ತಾರಪ್ಪ. ಸೊಪ್ಪು ಹಾಕಿದೋರ ಜಾತಿ ಕೇಳಲ್ಲ."

ಗಂಡಸರಲ್ಲಿ ಒಬ್ಬಿಬ್ಬರು ನಕ್ಕರು. ಭಾವ ಟವೆಲು ಕೊಡವಿ ಎದ್ದು ಹೋದರು. ಆಮೇಲೆ ಮನೆಯ ಮಾತನ್ನು ಅವರು ಎತ್ತಲಿಲ್ಲ. ನನ್ನಣ್ಣ ಒಬ್ಬನೇ ಊರಿಗೆ ಹೊರಟ.

ಮೇಷ್ಟ್ರಮ್ಮ ಇದಕ್ಕೆ ಬೆಲೆ ತೆತ್ತರು. ಆ ವರ್ಷದ ಶಾಲೆ ಮುಗಿಯುತ್ತಲೇ ಮೇಷ್ಟ್ರಿಗೆ ಮಾಲೂರಿನ ಕಡೆ, ಲಕ್ಕೂರಿನ ಹತ್ತಿರ ವರ್ಗವಾಯಿತು. ಊರಿನ ದೊಡ್ಡವರು ಮೇಲಿನವರಿಗೆ ಹೇಳಿ ಮಾಡಿಸಿದರೆಂದು ಎಲ್ಲರೂ ಅಂದರು. ಹೊರಡುವ ತನಕ ಅವರು ಕುಂಟೆಯ ನೀರನ್ನೇ ಹೊತ್ತರು. ಒಂದು ಸಲ ನನ್ನನ್ನು ನೇರವಾಗಿ ಕೇಳಿದರು, "ಕ್ರಿಸ್ಮಸ್ಸಿಗೆ ನಮ್ಮ ಜೊತೆ ಕೋಲಾರದ ದೇವಾಲಯಕ್ಕೆ ಬರ್ತೀಯಾ? ಯೇಸುಸ್ವಾಮಿ ಬಗ್ಗೆ ನಿನಗೆ ಹೇಳಬೇಕು ಅಂತ ನನಗೆ ಆಸೆ." ಕೇಳುವಾಗಲೂ ಹೆದರಿದ್ದರು. ನಾನು, ಬರಲ್ಲ ಎಂದು ತಲೆಯಾಡಿಸಿದೆ. "ಆಗಲಿ" ಅಂದರು. ಮಾರನೆಯ ದಿನ ಎಂದಿನಂತೆ ಬಂದು ನಿಮ್ಮಪ್ಪನ ತಲೆ ಬಾಚಿದರು. ನಾನು ಇವತ್ತಿಗೂ ನಮ್ಮ ದೇವರಿಗೇ ದೀಪ ಹಚ್ಚುವವಳು. ಅವರು ಅದಕ್ಕೆ ಬೇಸರಪಟ್ಟಿದ್ದರೆ ನನಗೆ ತೋರಿಸಲಿಲ್ಲ.

ಹುಳು ಹಣ್ಣಾದ ದಿನದ್ದನ್ನು ಬರೆದು ಮುಗಿಸುತ್ತೇನೆ.

ಹಣ್ಣಾದ ಹುಳುವನ್ನು ಅಂದೇ ಆರಿಸಿ, ಚಂದ್ರಿಕೆ ಅನ್ನುವ ಬಿದಿರಿನ ಸುರುಳಿ ಹೆಣೆದ ಚಾಪೆಗೆ ಬಿಡಬೇಕು. ತಡಮಾಡಿದರೆ ತಟ್ಟೆಯಲ್ಲೇ ನೂಲು ಸುರಿಸಿ ಕೆಟ್ಟುಹೋಗುತ್ತದೆ. ಮಾಮೂಲಿಯಾದರೆ ಆ ದಿನ ನೆರೆಯ ಹೆಂಗಸರೆಲ್ಲ ಕೈ ಕೊಡುತ್ತಾರೆ. ನಮ್ಮ ಮನೆಗೆ ಯಾರೂ ಬರಲಿಲ್ಲ. ಅತ್ತೆ ಗೋಡೆ ಬಿಟ್ಟು ಎದ್ದು ಬಂದರು, ಆದರೆ ಅವರ ಕಣ್ಣಿಗೆ ಹಣ್ಣು ಯಾವುದು, ಕಾಯಿ ಯಾವುದು ಕಾಣುತ್ತಿರಲಿಲ್ಲ. ಮೇಷ್ಟ್ರಮ್ಮನ ಎರಡೇ ಕೈ. ನಾನು ಬಾಗಿಲಲ್ಲಿ ನಿಂತಿದ್ದೆ. ಹೊಸದಾಗಿ ಗಂಡನನ್ನು ಕಳೆದುಕೊಂಡವಳು ಗೂಡು ಕಟ್ಟುವ ಹುಳು ಮುಟ್ಟಬಾರದೆಂದು ನಮ್ಮಲ್ಲಿ ಮಾತು. ಅತ್ತೆಯೂ ಕರೆದಿರಲಿಲ್ಲ.

ಮೇಷ್ಟ್ರಮ್ಮ ಬಂದು ನನ್ನ ಮುಂಗೈ ಹಿಡಿದರು. "ಬಾರಮ್ಮ, ನನ್ನೊಬ್ಬಳ ಕೈಲಿ ಆಗಲ್ಲ" ಅಂದರು. ಒಳಗೆ ಕರೆದೊಯ್ದು ಒಂದು ಹುಳುವನ್ನು ತಾವೇ, ಎಲೆಯಿಲ್ಲದೆ, ಬರಿಗೈಯಲ್ಲಿ ಎತ್ತಿ ನನ್ನ ಅಂಗೈಯಲ್ಲಿಟ್ಟರು. ಅವರ ಕೈ ಹುಳುವಿಗಿಂತ ತಣ್ಣಗಿತ್ತು. ಬೆಳಕಿಗೆ ಹಿಡಿದೆ. ಮೈ ಕನ್ನಡಿಯಂತಾಗಿತ್ತು, ಹಣ್ಣಾಗಿತ್ತು. ಚಂದ್ರಿಕೆಗೆ ಬಿಟ್ಟೆ. ಇನ್ನೊಂದು ಆರಿಸಿದೆ. ಆಮೇಲೆ ಕೈ ತಾನೇ ನಡೆಯಿತು. ಅತ್ತೆ ನೋಡಿದರು, ಇನ್ನೊಂದು ತಟ್ಟೆಯನ್ನು ನನ್ನ ಕಡೆಗೆ ತಳ್ಳಿದರು.

ಹೊತ್ತು ಇಳಿಯುವ ವೇಳೆಗೆ ತಟ್ಟೆಗಳು ಖಾಲಿಯಾದವು. ಮೇಷ್ಟ್ರಮ್ಮ ಅಂಗಳಕ್ಕೆ ಹೋಗಿ, ಬೆಳಿಗ್ಗೆ ತಂದಿಟ್ಟಿದ್ದ ಮುದ್ದೆಯನ್ನೂ ಹುರುಳಿ ಸಾರನ್ನೂ ಬಿಚ್ಚಿ ಕೂತರು. ಹುರುಳಿ ಸಾರಿನ ವಾಸನೆ ನನ್ನ ತನಕ ಬಂತು. ನಾನು ಹೋಗಿ ಅವರ ಎದುರಿಗೆ ಕೂತೆ.

"ನನಗೂ ಸ್ವಲ್ಪ ಕೊಡ್ತೀರಾ?" ಅಂದೆ.

ಅವರು ಗಾಬರಿಯಾಗಿ ಅತ್ತೆಯ ಕಡೆ ನೋಡಿದರು. "ನಮ್ಮ ಮನೇದು ಇದು... ನಾನು ಮಾಡಿದ್ದು."

"ಕೊಡಮ್ಮ" ಅಂದರು ಅತ್ತೆ. "ಅಷ್ಟು ದಿನ ಆದ್ಮೇಲೆ ಬಾಯಿ ಬಿಟ್ಟವಳೆ. ಕೊಡು."

ಅವರು ಮುದ್ದೆಯನ್ನು ಅರ್ಧ ಮಾಡಿ ಕೊಟ್ಟರು. ಮುರಿದು ಸಾರಿನಲ್ಲಿ ಅದ್ದಿ ನುಂಗಿದೆ.

"ಉಪ್ಪು ಜಾಸ್ತಿ ಆಗಿದೆ" ಅಂದೆ.

"ನಮ್ಮ ಮೇಷ್ಟ್ರೂ ದಿನಾ ಅದೇ ಹೇಳ್ತಾರೆ" ಅಂದರು.

ನಾನು ಇನ್ನೂ ಸ್ವಲ್ಪ ಸಾರು ಕೇಳಿದೆ.